ಇಪ್ಪತ್ತರ ಪಟ್ಟಿ ಐದಕ್ಕೇ ನಿಂತಾಗ

ಡಿಸೆಂಬರ್ ಎರಡನೇ ವಾರದಲ್ಲಿ ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಐವತ್ತು ದಾಟಿದ ಗೃಹಸ್ಥರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.) ಮಾರ್ಚ್‌ನಲ್ಲಿ ತಂದೆ ತೀರಿಕೊಂಡಿದ್ದರು. ಸಿಕ್ಕೇಬಿಟ್ಟಿತು ಅಂದುಕೊಂಡಿದ್ದ ಬಡ್ತಿ ಬೇರೆಯವರ ಪಾಲಾಗಿತ್ತು. "ವರ್ಷವೆಲ್ಲ ಕಳಕೊಂಡದ್ದೇ ಆಯ್ತು ಮೇಡಂ, ಬಂದದ್ದು ಅಂತ ಏನೂ ಇಲ್ಲ" ಎಂದರು.

ಇದೆಲ್ಲವನ್ನೂ ಹೇಗೋ ನುಂಗಿಕೊಂಡಿದ್ದವರನ್ನು ಕಂಗೆಡಿಸಿದ್ದು ಒಂದು ಪಟ್ಟಿ. 'ಇದ್ದದ್ದರಲ್ಲಿ ಖುಷಿಪಡಿ' ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸ್ನೇಹಿತರೊಬ್ಬರ ಮಾತು ಕೇಳಿ, ಈ ವರ್ಷ ಕೃತಜ್ಞರಾಗಿರಬೇಕಾದ ಇಪ್ಪತ್ತು ಸಂಗತಿ ಬರೆಯಲು ಕೂತರಂತೆ. ಆರೋಗ್ಯ, ಹೆಂಡತಿ, ಮಗಳು, ಕೆಲಸ, ಸೂರು. ಅಲ್ಲಿಗೆ ಪೆನ್ನು ನಿಂತಿತು. ಬರೆದ ಐದೂ ಅರ್ಜಿ ಫಾರಂ ತುಂಬಿದ ಹಾಗೆ ಕಂಡವು. "ಇಷ್ಟೆಲ್ಲ ಇದ್ದೂ ಒಳಗೆ ಏನೂ ಅನ್ನಿಸೋದಿಲ್ಲ. ನಾನು ಕೃತಘ್ನ ಇರಬೇಕು, ಅಲ್ವಾ?"

ಇಂಥ ಮಾತು ಕೇಳಿದಾಗ ಮೊದಲು ಖಿನ್ನತೆ ಇದೆಯೇ ಎಂದು ನೋಡಬೇಕು. ಎರಡು ವಾರಕ್ಕೂ ಮೀರಿ ಹೆಚ್ಚೂಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ನಿದ್ದೆ–ಹಸಿವು ಕೆಟ್ಟಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು. ಅಲ್ಲಿ ಕೃತಜ್ಞತೆಯ ಪಾಠ ಔಷಧವಾಗದು, ಅಪರಾಧಿ ಭಾವವನ್ನು ಹೆಚ್ಚಿಸುತ್ತದೆ. ಇವರಿಗೆ ನಿದ್ದೆ ಬರುತ್ತಿತ್ತು, ಮಗಳ ಮಾತು ಬಂದಾಗ ಮುಖ ಅರಳುತ್ತಿತ್ತು. ಇದ್ದದ್ದು ದುಃಖ ಮತ್ತು ದಣಿವು.

ಪಟ್ಟಿ ನಿಂತುಹೋದದ್ದು ಅವರ ಗುಣದೋಷವಲ್ಲ ಎಂದು ಹೇಳಲು ನನಗೆ ಗಟ್ಟಿ ಆಧಾರವಿತ್ತು. 1991ರಲ್ಲಿ ಮನಶ್ಶಾಸ್ತ್ರಜ್ಞ ನಾರ್ಬರ್ಟ್ ಶ್ವಾರ್ಜ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ತಾವು ದಿಟ್ಟವಾಗಿ ನಡೆದುಕೊಂಡ 6 ಸಂದರ್ಭಗಳನ್ನು ನೆನೆಯಲು ಕೆಲವರಿಗೆ ಹೇಳಿದರು, ಇನ್ನು ಕೆಲವರಿಗೆ 12. ಹನ್ನೆರಡನ್ನು ಹುಡುಕಿದವರೇ ತಮ್ಮನ್ನು ಕಡಿಮೆ ದಿಟ್ಟರೆಂದು ಅಳೆದುಕೊಂಡರು. ನೆನಪು ಮಾಡಿಕೊಳ್ಳುವುದು ಕಷ್ಟವಾದರೆ, ಆ ಗುಣವೇ ನನ್ನಲ್ಲಿಲ್ಲ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಇಪ್ಪತ್ತು ಬರೆಯಲು ಹೊರಟವರು ಐದಕ್ಕೇ ಸೋತು 'ಕೃತಘ್ನ' ಎಂಬ ಹಣೆಪಟ್ಟಿ ಹಚ್ಚಿಕೊಂಡದ್ದು ಹೀಗೆಯೇ ಇರಬೇಕು.

ಪಟ್ಟಿಯನ್ನು ಮಡಿಸಿ ಪಕ್ಕಕ್ಕಿಟ್ಟು ಕೇಳಿದೆ: "ವರ್ಷದ ಮಾತು ಬಿಡಿ. ಈ ವಾರ ಯಾವಾಗಲಾದರೂ, ನಿಮಗೇ ಗೊತ್ತಿಲ್ಲದ ಹಾಗೆ, ಮೈ ಹಗುರವಾದದ್ದುಂಟೇ?"

ಬಹಳ ಹೊತ್ತು ಸುಮ್ಮನಿದ್ದು, ಸಂಕೋಚದಿಂದಲೇ ಹೇಳಿದರು. ಭಾನುವಾರ ಸಂಜೆ ತಾರಸಿಯಿಂದ ಒಣಗಿದ ಬಟ್ಟೆ ತರಲು ಹೋಗಿದ್ದರು. ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡಾಗ ಅದರಲ್ಲಿನ್ನೂ ಬಿಸಿಲಿತ್ತು. ಮಡಚಲು ಮಗಳು ಇನ್ನೊಂದು ತುದಿ ಹಿಡಿದಳು, ತುಂಟತನಕ್ಕೆ ಜಗ್ಗಿದಳು, ಇವರು ಎರಡು ಹೆಜ್ಜೆ ಮುಗ್ಗರಿಸಿದರು, ಇಬ್ಬರೂ ನಕ್ಕರು. "ಇದನ್ನೆಲ್ಲ ಲೆಕ್ಕಕ್ಕೆ ತಗೋತಾರಾ?" ಎಂದರು. ತಗೊಳ್ಳಬೇಕು ಎಂದೆ. ಬಟ್ಟೆಯ ಬಿಸಿ ಎಲ್ಲಿ ತಾಗಿತು, ಮಗಳು ಏನಂದಳು, ಬೆಳಕು ಹೇಗಿತ್ತು ಎಂದು ಕೇಳುತ್ತ ಹೋದೆ. ಹೇಳುತ್ತ ಹೇಳುತ್ತ ಅವರ ದನಿಯೇ ಬದಲಾಯಿತು. 'ಮಗಳು' ಎಂದು ಪಟ್ಟಿಯಲ್ಲಿ ಬರೆದಾಗ ಬಾರದ ಭಾವ, ಅವಳು ಜಗ್ಗಿದ ಹೊದಿಕೆಯ ನೆನಪಿಗೆ ಬಂತು.

ಕೊಟ್ಟ ಸಲಹೆ ಇಷ್ಟೇ. ದಿನವೂ ಬರೆಯುವುದು ಬೇಡ. ವಾರಕ್ಕೊಮ್ಮೆ ಸಾಕು, ಒಂದೇ ಸಂಗತಿ, ಆದರೆ ಬಿಡಿಸಿ ಬರೆಯಿರಿ. ಅದು ಯಾಕೆ ಒದಗಿತು ಎಂಬುದನ್ನೂ ಸೇರಿಸಿ. 2005ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಭಾಗವಹಿಸಿದವರು ಒಂದು ವಾರ ಪ್ರತಿ ರಾತ್ರಿ ಮೂರು ಒಳ್ಳೆಯ ಸಂಗತಿಗಳನ್ನು ಕಾರಣ ಸಮೇತ ಬರೆದಿದ್ದರು. ಅವರಲ್ಲಿ ಕಂಡ ಸುಧಾರಣೆ ಆರು ತಿಂಗಳ ನಂತರವೂ ಇತ್ತು. ಈ ದಣಿದ ಮನುಷ್ಯನಿಗೆ ಮೂರೂ ಹೆಚ್ಚೆನಿಸಿ ನಾನೇ ಒಂದಕ್ಕಿಳಿಸಿದೆ. ಬರೆಯಲು ಏನೂ ತೋಚದ ವಾರ, ಒಂದು ಸಣ್ಣ ಸುಖ ಒದಗದೇ ಹೋಗಬಹುದಾಗಿದ್ದ ದಾರಿಗಳನ್ನು ಯೋಚಿಸಿ ಎಂದೆ: ಮಗಳು ಅಂದು ಊರಲ್ಲಿರದಿದ್ದರೆ, ಮಳೆ ಬಂದಿದ್ದರೆ? ಹೀಗೆ ಯೋಚಿಸಿದಾಗ, ರೂಢಿಯಾಗಿ ಮಸುಕಾದದ್ದು ಮತ್ತೆ ಹೊಸದಾಗಿ ಕಾಣುತ್ತದೆ.

ಇನ್ನೊಂದನ್ನು ಒತ್ತಿ ಹೇಳಿದೆ. ತಂದೆಯ ಸಾವಿನ ಮೇಲೆ ಈ ಸಂತೋಷಗಳನ್ನು ಹೊದಿಸಿ ಮುಚ್ಚಬೇಡಿ. ಬಡ್ತಿ ತಪ್ಪಿದ ಸಿಟ್ಟನ್ನೂ ಅಷ್ಟೇ. ನೋವು, ಸಂತೋಷ ಎರಡೂ ಒಂದೇ ಮನಸ್ಸಿನಲ್ಲಿ ಇರಬಲ್ಲವು. ಅಳು ಬಂದರೆ ಅಳಿ, ಅದರಿಂದ ಯಾರಿಗೂ ಅಗೌರವವಾಗದು. ದುಃಖದಲ್ಲಿರುವವರಿಗೆ 'ಇದ್ದದ್ದನ್ನು ನೆನೆ' ಎಂದು ಉಪದೇಶಿಸುವವರು ಮೊದಲು ಕಳೆದುಹೋದದ್ದರ ಬಗ್ಗೆ ಕೇಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅವರ ಪತ್ನಿಯನ್ನೂ ಒಮ್ಮೆ ಕರೆಸಿ ಇದನ್ನೇ ಹೇಳಿದೆ.

ಮೂರನೇ ಭೇಟಿ ವರ್ಷದ ಕೊನೆಯ ವಾರದಲ್ಲಿತ್ತು. ಕಡೆಯ ರಾತ್ರಿ ಏನು ಬರೆಯಲಿ ಎಂದು ಕೇಳಿದರು. ಬರೆಯುವ ಬದಲು, ಈ ಸಲ ಒಬ್ಬರಿಗೆ ಬಾಯಿಬಿಟ್ಟು ಹೇಳಿ ಎಂದೆ. ತಂದೆಯ ಕಡೆಗಾಲದಲ್ಲಿ ರಾತ್ರಿಪಾಳಿ ಹಂಚಿಕೊಂಡ ತಮ್ಮನಿಗೆ ಫೋನ್ ಮಾಡಿ, "ನೀನಿದ್ದೆ ಅಂತ ನಾನು ಆ ರಾತ್ರಿಗಳಲ್ಲಿ ಮಲಗಿದೆ ಕಣೋ" ಎಂದರಂತೆ. ಮಾರ್ಚ್ ಹತ್ತಿರವಾದಂತೆ ದುಃಖ ಮರುಕಳಿಸಬಹುದು. ಅದಕ್ಕಾಗಿ ಫೆಬ್ರವರಿ ಕೊನೆಗೆ ಇನ್ನೊಂದು ಭೇಟಿ ಇಟ್ಟುಕೊಂಡಿದ್ದೇವೆ, ತಮ್ಮನೂ ಬರುತ್ತಾರೆ.