ಪ್ರತಿಕ್ರಿಯೆ: ರಜೆಗೆ ಬರಲಿರುವ ಅಕ್ಕನ ಮಗನಿಗಾಗಿ ಓದು
ಆಟಿಸಂ (ಇತರರೊಡನೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಬಾಲ್ಯದಿಂದಲೇ ಭಿನ್ನವಾಗಿರುವ ಸ್ಥಿತಿ) ಇರುವ ನಿಮ್ಮ ಅಕ್ಕನ ಮಗ ಬೇಸಿಗೆ ರಜೆಗೆ ಸಕಲೇಶಪುರದ ಮನೆಗೆ ಬರುವ ಮುನ್ನ ಯಾವ ಪುಸ್ತಕ ಓದಬೇಕೆಂದು ಕೇಳಿದ್ದೀರಿ. ಇಂಗ್ಲಿಷ್ ಆದರೂ ಅಡ್ಡಿಯಿಲ್ಲವೆಂದು ತಿಳಿಸಿರುವುದರಿಂದ, ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರ 'ಥಿಂಕಿಂಗ್ ಇನ್ ಪಿಕ್ಚರ್ಸ್' (1995) ಕೃತಿಯನ್ನೇ ಮೊದಲು ಕೈಗೆತ್ತಿಕೊಳ್ಳಿ. ಸ್ವತಃ ಆಟಿಸಂ ಇರುವ ಅವರು ತಮ್ಮ ಆಲೋಚನೆ ಮಾತುಗಳಲ್ಲಲ್ಲದೆ ಚಿತ್ರಗಳಲ್ಲಿ ಸಾಗುವ ಬಗೆಯನ್ನು ವಿವರಿಸುತ್ತಾರೆ. ನೆಲದ ನೆರಳಿಗೋ ತೂಗಾಡುವ ಸರಪಳಿಗೋ ದನಗಳು ಬೆಚ್ಚಿ ನಿಲ್ಲುವುದನ್ನು ಗಮನಿಸಿ, ಅವುಗಳನ್ನು ಸಾಗಿಸುವ ಓಣಿಗಳನ್ನು ರೂಪಿಸಿದ ಅವರ ಅನುಭವ, ಕೊಟ್ಟಿಗೆಯ ಒಡನಾಟವಿರುವ ನಮ್ಮ ಹಾಸನದ ಕಡೆಯವರಿಗೆ ಬೇಗ ಮನಸ್ಸಿಗೆ ಹತ್ತುತ್ತದೆ. ಆದರೆ ಆಟಿಸಂ ಇರುವವರೆಲ್ಲರೂ ಚಿತ್ರಗಳಲ್ಲಿಯೇ ಯೋಚಿಸುವುದಿಲ್ಲ. ಹಾಗೆ ಭಾವಿಸಿದ್ದು ತಪ್ಪೆಂದು ಗ್ರ್ಯಾಂಡಿನ್ ಅವರೇ ಮುಂದೆ ಒಪ್ಪಿಕೊಂಡರು.

ಆಟಿಸಂನ ಇತಿಹಾಸಕ್ಕೆ ಅಮೆರಿಕದ ಪತ್ರಕರ್ತ ಸ್ಟೀವ್ ಸಿಲ್ಬರ್‌ಮನ್ ಅವರ 'ನ್ಯೂರೋಟ್ರೈಬ್ಸ್' (2015) ಇದೆ. ದಪ್ಪ ಪುಸ್ತಕ, ಮಳೆಗಾಲಕ್ಕೆ ಇಟ್ಟುಕೊಳ್ಳಬಹುದು. ತಾಯಿಯ ಅಕ್ಕರೆ ಸಾಲದೆ ಆಟಿಸಂ ಬರುತ್ತದೆಂದು ವೈದ್ಯರೇ ನಂಬಿದ್ದ ಕಾಲದ ಭಾಗವನ್ನು ಮಾತ್ರ ಈಗಲೇ ಓದಿ, ಏಕೆಂದರೆ ಎಂದೋ ತಳ್ಳಿಹಾಕಲಾದ ಆ ಮಾತನ್ನು ನೆಂಟರಲ್ಲಿ ಯಾರಾದರೂ ನಿಮ್ಮ ಅಕ್ಕನ ಎದುರು ಆಡಿಯಾರು.

ಓದಿನ ಜೊತೆಗೇ, ಅವನು ಮಲಗುವ ಕೋಣೆ, ಬಚ್ಚಲು ಮತ್ತು ಅಂಗಳದ ಫೋಟೋಗಳನ್ನು ಅಕ್ಕನಿಗೆ ಮುಂಚೆಯೇ ಕಳುಹಿಸಿ. ಹೊಸ ಜಾಗ ಮೊದಲೇ ಕಣ್ಣಿಗೆ ಪರಿಚಿತವಾಗಿದ್ದರೆ ಇಂಥ ಅನೇಕ ಮಕ್ಕಳಿಗೆ ಬಂದಿಳಿದ ದಿನದ ಗಾಬರಿ ಕಡಿಮೆಯಾಗುತ್ತದೆ.