ದುಬೈಯಿಂದ ದಿಢೀರನೆ ಹೊರಟು ಮರುಭೂಮಿಯಲ್ಲಿ ಒಂದು ರಾತ್ರಿ ಟೆಂಟ್ ಹಾಕಬೇಕು, ಏನೇನು ಬೇಕಾಗುತ್ತದೆ?

ಆರು ಜನ ಗೆಳೆಯರು, ಒಂದು ಫೋರ್ ವೀಲ್ ಡ್ರೈವ್, ಒಂದು ಸೆಡಾನ್, ಜನವರಿಯ ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ವಾಪಸ್ ಅಂತ ಬರೆದಿದ್ದೀರಿ. ಕಾಲ ಸರಿಯಾಗಿದೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಬಹುದು. ಆದರೆ ಇಷ್ಟು ಕಡಿಮೆ ಸಮಯಕ್ಕೆ ಅಬುಧಾಬಿಯ ದಕ್ಷಿಣದ ದೊಡ್ಡ ಮರಳುದಿಬ್ಬಗಳ ಲಿವಾ ಬೇಡ. ಹೋಗಲಿಕ್ಕೇ ಮೂರು ಗಂಟೆ ಮೀರುತ್ತದೆ. ದುಬೈ ಹೊರವಲಯದ ಅಲ್ ಕುದ್ರಾ ಕಡೆ ಸಾಕು. ಬೇಲಿ ಅಥವಾ ನಿಷೇಧದ ಬೋರ್ಡ್ ಕಂಡಲ್ಲಿ ಮಾತ್ರ ಮುಂದಕ್ಕೆ ಹೋಗಬೇಡಿ, ಅಲ್ಲಿ ಸಂರಕ್ಷಿತ ಪ್ರದೇಶವೂ ಇದೆ.

ಸೆಡಾನ್ ಅನ್ನು ಮರಳಿಗೆ ಇಳಿಸಲೇಬೇಡಿ, ರಸ್ತೆ ಪಕ್ಕದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಹಾಗಾದರೆ ಫೋರ್ ವೀಲ್ ಹೂತರೆ ಎಳೆಯಲು ಇನ್ನೊಂದು ಗಾಡಿ ಇಲ್ಲ ಅಂತಾಯಿತು. ಅದಕ್ಕೇ ಡಾಂಬರಿನಿಂದ ಅರ್ಧ ಕಿಲೋಮೀಟರಿಗಿಂತ ಒಳಗೆ ಹೋಗುವುದು ಬೇಡ, ಏನಾದರೂ ಆದರೆ ನಡೆದೇ ಬರಬಹುದು. ಡಾಂಬರು ಬಿಟ್ಟ ಜಾಗವನ್ನು ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳಿ. ಕತ್ತಲಾದ ಮೇಲೆ ಎಲ್ಲ ದಿಬ್ಬವೂ ಒಂದೇ ಥರ.

ಇನ್ನು ಟೈರಿನ ಗಾಳಿ, ಅದರ ಒತ್ತಡದ ಅಳತೆಯೇ ಪಿಎಸ್‌ಐ. ಮರಳಿಗೆ ಇಳಿಯುವ ಮುನ್ನ ನಾಲ್ಕೂ ಟೈರನ್ನು 35ರಿಂದ 15 ಪಿಎಸ್‌ಐಗೆ ಇಳಿಸಿ. ಟೈರ್ ಚಪ್ಪಟೆಯಾಗಿ ಉದ್ದಕ್ಕೆ ಹರಡಿಕೊಂಡರೆ ಗಾಡಿಯ ಭಾರ ಹಂಚಿಹೋಗಿ ಮರಳಿನ ಮೇಲೆ ತೇಲಿದ ಹಾಗೆ ಸಾಗುತ್ತದೆ. 12ಕ್ಕಿಂತ ಕೆಳಗಿಳಿಸಿ ಸ್ಟಿಯರಿಂಗ್ ಗಕ್ಕನೆ ತಿರುಗಿಸಿದರೆ ಟೈರ್ ರಿಮ್ಮಿನಿಂದ ಕಳಚಬಹುದು. ಹೂತ ತಕ್ಷಣ ಆಕ್ಸಲರೇಟರಿನಿಂದ ಕಾಲು ತೆಗೆಯಿರಿ. ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ, ಚಾಸಿ, ಅಂದರೆ ಗಾಡಿಯ ಅಡಿಚೌಕಟ್ಟು, ಮರಳಿಗೆ ಕೂತರೆ ಮುಗಿಯಿತು. ಚಕ್ರಗಳ ಹಿಂದಿನ ಮರಳನ್ನು ಸಲಿಕೆಯಿಂದ ಬಳಿದು, ಬಂದ ಜಾಡಿನಲ್ಲೇ ನಿಧಾನವಾಗಿ ರಿವರ್ಸ್ ಬನ್ನಿ. ಆಗಲೂ ಬರದಿದ್ದರೆ ಇನ್ನೆರಡು ಪಿಎಸ್‌ಐ ಇಳಿಸಿ, ಚಕ್ರದಡಿಗೆ ಫ್ಲೋರ್ ಮ್ಯಾಟ್ ಕೊಡಿ. ಮ್ಯಾಟ್ ಚಕ್ರದಡಿಯಿಂದ ಚಿಮ್ಮುತ್ತದೆ, ಹಿಂದೆಮುಂದೆ ಯಾರೂ ನಿಲ್ಲಬಾರದು. ಬೆಳಿಗ್ಗೆ ಇಬ್ಬನಿಗೆ ಮರಳು ಗಟ್ಟಿಯಾಗಿರುತ್ತದೆ, ಹೊರಬರಲು ಅದೇ ಒಳ್ಳೆಯ ಹೊತ್ತು. ಡಾಂಬರು ಹತ್ತಿದ ಕೂಡಲೇ ಮತ್ತೆ 35ಕ್ಕೆ ತುಂಬಿಸಬೇಕು. ಕಂಪ್ರೆಸರ್ ಬ್ಯಾಟರಿಗೇ ಕ್ಲಿಪ್ ಹಾಕುವಂಥದ್ದಿರಲಿ, ಸಿಗರೇಟ್ ಲೈಟರ್ ಸಾಕೆಟ್ಟಿಗೆ ದೊಡ್ಡ ಕಂಪ್ರೆಸರ್ ಹಾಕಿದರೆ ಫ್ಯೂಸ್ ಹೋಗುತ್ತದೆ.

ಬೆಳಕಿರುವಾಗಲೇ, ಅಂದರೆ ಐದು ಗಂಟೆಯೊಳಗೆ, ಟೆಂಟ್ ನಿಂತಿರಬೇಕು. ಜೊತೆಗೆ ಬರುವ ಗೂಟಗಳು ಮರಳಿನಲ್ಲಿ ಹಿಡಿಯುವುದಿಲ್ಲ. ಸೂಪರ್‌ಮಾರ್ಕೆಟ್ಟಿನ ಗಟ್ಟಿ ಬಟ್ಟೆಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದಡಿ ಆಳಕ್ಕೆ ಹೂಳಿ, ಅಲುಗುವುದಿಲ್ಲ. ಶಮಾಲ್ ಗಾಳಿ ವಾಯವ್ಯದಿಂದ ಬೀಸುವುದರಿಂದ ಬಾಗಿಲು ಆ ಕಡೆಗೆ ಬೇಡ. ದಿಬ್ಬದ ತುದಿಯೂ ಬೇಡ, ಮಳೆನೀರು ಹರಿಯುವ ಒಣ ಹಳ್ಳವೂ (ಇಲ್ಲಿ ಅದಕ್ಕೆ ವಾದಿ ಅನ್ನುತ್ತಾರೆ) ಬೇಡ. ರಾತ್ರಿ ಚಳಿ ಇರುತ್ತದೆ, ಹೊದಿಕೆಗಿಂತ ಕೆಳಗೆ ಹಾಸುವ ದಪ್ಪ ಮ್ಯಾಟ್ ಮುಖ್ಯ.

ಬೆಂಕಿಗೆ ಸೌದೆ, ಇದ್ದಿಲು ಕೊಂಡೇ ಒಯ್ಯಿರಿ. ಗಾಫ್ ಮರ ಯುಎಇಯ ರಾಷ್ಟ್ರೀಯ ಮರ, ಕೊಂಬೆ ಮುರಿಯುವಂತಿಲ್ಲ. ಕಾಲುಗಳಿರುವ ಬಾರ್ಬೆಕ್ಯೂ ತಟ್ಟೆಯಲ್ಲೇ ಉರಿಸಿ. ಜನ ಮಾಡುವ ದೊಡ್ಡ ತಪ್ಪೆಂದರೆ ಕೆಂಡದ ಮೇಲೆ ಮರಳು ಎಳೆದು ಹೋಗುವುದು. ಮರಳಿನಡಿ ಕೆಂಡ ಗಂಟೆಗಟ್ಟಲೆ ಆರದೆ ಇರುತ್ತದೆ, ಮೇಲೆ ಏನೂ ಕಾಣದೆ ಬರಿಗಾಲಿನ ಮಗು ತುಳಿಯುತ್ತದೆ. ನೀರು ಹೊಯ್ದು, ಕಲಕಿ, ಬೂದಿಯನ್ನು ಹೊತ್ತು ತನ್ನಿ. ಚಳಿಯೆಂದು ಕೆಂಡವನ್ನು ಟೆಂಟಿನೊಳಗೆ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ: ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ನೀರು ತಲೆಗೆ ಐದು ಲೀಟರಿನಂತೆ 30, ಕೈ-ಪಾತ್ರೆಗೆ ಬೇರೆ ಹತ್ತು. ಅಡುಗೆ ಅಲ್ಲೇ ಮಾಡುವ ಉಮೇದು ಬೇಡ, ಅನ್ನಕ್ಕೆ ಮರಳು ಬೀಳುತ್ತದೆ. ಪುಳಿಯೋಗರೆ, ಮೊಸರನ್ನ ಮನೆಯಿಂದ ಕಟ್ಟಿಕೊಂಡು, ಮಸಾಲೆ ಸವರಿದ ಚಿಕನ್ ಅಥವಾ ಪನೀರ್ ಮಾತ್ರ ಸುಟ್ಟುಕೊಳ್ಳಿ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ, ಚೇಳು ಸೇರಿರಬಹುದು. ಮಂಜು ಕವಿದಿದ್ದರೆ ಬಿಸಿಲೇರುವ ತನಕ ಗಾಡಿ ತೆಗೆಯಬೇಡಿ, ರಸ್ತೆಗೆ ಒಂಟೆ ಅಡ್ಡ ಬಂದರೆ ಕಾಣುವುದಿಲ್ಲ. ಪೊಲೀಸ್ 999, ಆಂಬ್ಯುಲೆನ್ಸ್ 998.