ಆಣೆ ಇಡಬೇಕಾದವರು ನೀವಲ್ಲ

ಹಾಸನ ಕಡೆಯಿಂದ ಬಂದ ನಾಲ್ಕು ಪುಟದ ಕಾಗದ ಓದುತ್ತಾ ಕೂತು ಒಲೆ ಮೇಲಿದ್ದ ಹಾಲು ಉಕ್ಕಿಸಿಬಿಟ್ಟೆ. ಒರೆಸಿ ಬಂದು ಮತ್ತೆ ಓದಿದೆ. ಸಿಟ್ಟು ಇಳಿಯಲಿಲ್ಲ. ಹಾಗಾಗಿ ಉಳಿದ ಕಾಗದಗಳೆಲ್ಲ ಮುಂದಿನ ವಾರಕ್ಕೆ.

ಬರೆದವರು 48 ವರ್ಷದ ಸೊಸೆ. ಅತ್ತೆಗೆ 77. ಮೂರು ವರ್ಷದ ಹಿಂದೆ ಡಾಕ್ಟರು ಡಿಮೆನ್ಷಿಯಾ ಅಂದರು, ನೆನಪು, ವಿವೇಚನೆ ಕುಂದುತ್ತಾ ಹೋಗುವ ಮೆದುಳಿನ ಕಾಯಿಲೆ. ಅಂದಿನಿಂದ ಊಟ, ಮಾತ್ರೆ, ಸ್ನಾನ, ಒದ್ದೆಯಾದ ಹಾಸಿಗೆ ಎಲ್ಲವೂ ಇವರ ಪಾಲಿಗೆ. ನರ್ಸರಿ ಶಾಲೆಯ ಕೆಲಸವನ್ನೂ ಬಿಟ್ಟರು. ಆರು ತಿಂಗಳಿಂದ ಅತ್ತೆಯದು ಒಂದೇ ರಾಗ: "ನನ್ನ ಅವಲಕ್ಕಿ ಸರ ಇವಳೇ ಕದ್ದು ತವರಿಗೆ ಸಾಗಿಸಿದಾಳೆ." ಪಕ್ಕದ ಮನೆಯವರ ಮುಂದೆಯೂ ಇದೇ ಮಾತು, ಹಾಲಿನವನ ಮುಂದೆಯೂ ಇದೇ ಮಾತು, ಪುಣೆಯಲ್ಲಿರುವ ಮಗಳ ಹತ್ತಿರ ಫೋನಿನಲ್ಲಿ ಅಳುತ್ತಾ ಇದೇ ಮಾತು. ಸರ ನಿಜವಾಗಿಯೂ ಕಾಣುತ್ತಿಲ್ಲ. ನಾದಿನಿ ತೀರ್ಪು ಕೊಟ್ಟಿದ್ದಾರೆ: "ಅತ್ತಿಗೆ, ನೀವು ತೆಗೆದಿಲ್ಲ ಅಂದ್ರೆ ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡಿಬಿಡಿ, ಮುಗೀತು."

ಹೋಗಲೋ ಬೇಡವೋ ಎಂಬುದು ಇವರ ಪ್ರಶ್ನೆ.

ಬೇಡ. ನಾನೂ ಮಂಜುನಾಥನ ಒಕ್ಕಲು, ಆಣೆಯನ್ನು ಹಗುರ ಮಾಡುತ್ತಿಲ್ಲ. ಬುದ್ಧಿ ನೆಟ್ಟಗಿರುವ ಇಬ್ಬರ ನಡುವಿನ ವ್ಯಾಜ್ಯಕ್ಕೆ ಆಣೆ ಸರಿ. ಇಲ್ಲಿ ವಾಪಸು ಬರುವ ಬಸ್ಸು ಘಟ್ಟ ಹತ್ತುವಷ್ಟರಲ್ಲಿ ಅತ್ತೆಗೆ ಆಣೆ ಮರೆತಿರುತ್ತದೆ, ಸರ ಮಾತ್ರ ನೆನಪಿರುತ್ತದೆ. ಆಮೇಲೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?

ಕಳ್ಳತನದ ಈ ಆರೋಪ ನಿಮ್ಮ ಮನೆಯ ವಿಶೇಷವೇನಲ್ಲ. ಈ ರೋಗ ಇರುವ ಎಷ್ಟೋ ಮನೆಗಳ ಕಥೆ ಇದು. ವಸ್ತು ಜೋಪಾನವಾಗಿರಲಿ ಎಂದು ಅವರೇ ಎತ್ತಿಡುತ್ತಾರೆ. ಎತ್ತಿಟ್ಟದ್ದು ಮನಸ್ಸಿನಲ್ಲಿ ದಾಖಲಾಗುವುದೇ ಇಲ್ಲ. ವಸ್ತು ಇಲ್ಲ ಎನ್ನುವುದು ಮಾತ್ರ ಕಣ್ಣಿಗೆ ಕಾಣುತ್ತದೆ. ಮೆದುಳು ಆ ಖಾಲಿ ಜಾಗಕ್ಕೆ ತನ್ನದೇ ಒಂದು ಕಥೆ ಹೊಸೆದು ತುಂಬುತ್ತದೆ, ಆ ಕಥೆಗೆ ಕಳ್ಳ ಬೇಕು, ಕಳ್ಳತನದ ಪಟ್ಟ ಯಾವಾಗಲೂ ಹತ್ತಿರ ಇರುವವರಿಗೇ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು 51 ವರ್ಷದ ಒಬ್ಬ ಹೆಂಗಸನ್ನು ಪರೀಕ್ಷಿಸಿದರು. ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1906ರಲ್ಲಿ ವರದಿ ಮಂಡಿಸಿದರು. ಡಿಮೆನ್ಷಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಬಗೆಗೆ ಅವರ ಹೆಸರೇ ಅಂಟಿತು. ಆಕೆಯಲ್ಲಿ ಮನೆಯವರಿಗೆ ಮೊದಲು ಎದ್ದು ಕಂಡದ್ದು ಏನು ಗೊತ್ತೇ? ಗಂಡನ ಮೇಲೆ ಸಂಶಯ. ಮರೆವು ಆಮೇಲಿನದು.

ನನ್ನ ತಾಯಿ ತನ್ನ ಚಿಲ್ಲರೆ ಪರ್ಸು ನಾನೇ ಕದ್ದೆ ಅಂತಿದ್ದರು. "ಅಮ್ಮಾ, ನಾನು ತೆಗೆದಿಲ್ಲ" ಎಂದು ಎಂಟು ತಿಂಗಳು ಕೂಗಾಡಿದ ಪೆದ್ದಿ ನಾನು. ಅವರ ವೈಕುಂಠ ಸಮಾರಾಧನೆಯ ದಿನ ಅಡುಗೆಯವರು ಸಾರಿಗೆ ಹುಣಸೆಹಣ್ಣು ಕೇಳಿದರು. ಭರಣಿಗೆ ಕೈ ಹಾಕಿದರೆ ಪರ್ಸು.

ಆದ್ದರಿಂದ ವಾದ ಬೇಡ. "ಹೌದಾ ಅತ್ತೆ, ಸರ ಕಾಣ್ತಿಲ್ವಾ? ಬನ್ನಿ, ಹುಡುಕೋಣ" ಅನ್ನಿ. ಅಕ್ಕಿ ಡಬ್ಬ, ದಿಂಬಿನ ಚೀಲ, ಹಳೆ ರೇಷ್ಮೆ ಸೀರೆಯ ಮಡಿಕೆ ನಿಜವಾಗಿಯೂ ನೋಡಿ. ಹತ್ತು ನಿಮಿಷ ಹುಡುಕಿ ಕಾಫಿಗೆ ಕೂರಿಸಿ. ಪೇಟೆಯಲ್ಲಿ ಅದೇ ಮಾದರಿಯ ಒಂದು ಗ್ರಾಂ ಗೋಲ್ಡ್ ಸರ ಸಿಕ್ಕರೆ ತಂದು ಕೊರಳಿಗೆ ಹಾಕಿ. ಇದು ಸುಳ್ಳಲ್ಲವೇ ಎಂದು ಪತ್ರ ಬರೆಯುವ ಧರ್ಮರಾಯರು ಮೊದಲು ಒಂದು ರಾತ್ರಿ ಅಂಥವರ ಕೋಣೆಯಲ್ಲಿ ಮಲಗಿ ಬರಲಿ.

ಈಗ ನನ್ನ ಹಾಲು ಉಕ್ಕಿಸಿದ ಸಾಲಿಗೆ ಬರುತ್ತೇನೆ. ನಾದಿನಿಯ ಮೇಲೆ ನೀವು ಎರಡು ಪುಟ ಖರ್ಚು ಮಾಡಿದ್ದೀರಿ. ಮೂರನೆಯ ಪುಟದ ಕೊನೆಯಲ್ಲಿ, ಅದೂ ಕಂಸದೊಳಗೆ, ಹೀಗೆ ಬರೆದಿದ್ದೀರಿ: "ನಮ್ಮೆಜಮಾನರು ತುಂಬಾ ಸೂಕ್ಷ್ಮ ಮನಸ್ಸಿನವರು, ಅಮ್ಮನನ್ನು ಹೀಗೆ ನೋಡಲಾರರು, ಅದಕ್ಕೇ ರಾತ್ರಿ ಹತ್ತರ ಮೇಲೆ ಬರುತ್ತಾರೆ." ಮೊದಲ ಪುಟದಲ್ಲಿ ನೀವೇ ಹೇಳಿರುವ ಪ್ರಕಾರ ಅವರ ಅಂಗಡಿ ಮುಚ್ಚುವುದು ಏಳಕ್ಕೆ. ಅತ್ತೆಗೆ ಕೆರಳುವುದು ಸಂಜೆ ಆರರ ಮೇಲೆ ಅಂತಲೂ ನೀವೇ ಬರೆದಿದ್ದೀರಿ. ಅದೂ ಈ ರೋಗದ ಗುಣವೇ, ಬೆಳಕು ಕುಂದಿದ ಹಾಗೆ ಗಲಿಬಿಲಿ ಏರುತ್ತದೆ. ಅಂದರೆ ತಾಯಿ ಕೆರಳುವ ಹೊತ್ತು ಯಾವುದೋ ಅದೇ ಹೊತ್ತಿಗೆ ಮಗ ಮನೆಯಲ್ಲಿರುವುದಿಲ್ಲ. ಸೂಕ್ಷ್ಮ ಮನಸ್ಸಂತೆ! ನಿಮ್ಮದೇನು ಕಲ್ಲೇ?

ನಾಲ್ಕೂ ಪುಟ ತಿರುವಿ ಹಾಕಿದೆ. "ನನ್ನ ಹೆಂಡತಿ ಕದ್ದಿಲ್ಲ" ಎಂದು ಆ ಮನುಷ್ಯ ತಂಗಿಗಾಗಲಿ ಪಕ್ಕದ ಮನೆಯವರಿಗಾಗಲಿ ಒಮ್ಮೆಯಾದರೂ ಹೇಳಿದ ಸಾಲು ಸಿಗಲಿಲ್ಲ. ಅತ್ತೆಗೆ ರೋಗ, ಕ್ಷಮೆ ಇದೆ. ಪುಣೆಯ ನಾದಿನಿಗೆ ಫೋನಿನಲ್ಲಿ ಕೇಳುವುದು ತಾಯಿಯ ಅಳು ಒಂದೇ, ದೂರದ ಹೆದರಿಕೆಗೆ ಬಾಯಿ ಜಾಸ್ತಿ, ಅವರಿಗೂ ಅರ್ಧ ಕ್ಷಮೆ ಕೊಡೋಣ. ಒಂದೇ ಸೂರಿನ ಕೆಳಗಿದ್ದು ಬಾಯಿ ಬಿಡದವರಿಗೆ ನನ್ನ ಹತ್ತಿರ ಏನೂ ಇಲ್ಲ. ಆಣೆ ಇಡಬೇಕಿದ್ದರೆ ಅವರು ಇಡಲಿ.

ಹಿರಿಯ ನಾಗರಿಕರ ಪಾಲನೆಗೆಂದು 2007ರಲ್ಲಿ ಬಂದ ಕಾಯ್ದೆಯಲ್ಲಿ ಮಕ್ಕಳು ಎಂದರೆ ಯಾರು ಎಂಬ ವಿವರಣೆ ಇದೆ: ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಅಲ್ಲಿಲ್ಲ. ಇದನ್ನು ಹಿಡಿದು ಜಗಳಕ್ಕೆ ಹೋಗಿ ಅಂತಲ್ಲ. ನೀವು ಮಾಡುತ್ತಿರುವುದು ಪ್ರೀತಿಯಿಂದಲೋ ದಾಕ್ಷಿಣ್ಯದಿಂದಲೋ, ಅವರು ಮಾಡದಿರುವುದು ಮಾತ್ರ ಕರ್ತವ್ಯವನ್ನು, ಅಷ್ಟು ತಿಳಿದಿರಲಿ. ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ: ಕೈಹಿಡಿದು ಬಚ್ಚಲಿಗೆ ಕರೆದೊಯ್ಯದವರಿಗೆ ಆ ಮನೆಯಲ್ಲಿ ತೀರ್ಪು ಕೊಡುವ ಅಧಿಕಾರವಿಲ್ಲ.

ನಿಮ್ಮವರು "ಅರವತ್ತಕ್ಕೆ ಅರಳು ಮರಳು, ಇದ್ದದ್ದೇ" ಅಂದು ಎದ್ದುಹೋಗುತ್ತಾರಂತೆ. ಈ ಗಾದೆ ಕಂಡರೆ ನನಗೆ ಮೊದಲಿನಿಂದಲೂ ಆಗದು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಡಿಮೆನ್ಷಿಯಾ ಇರುವುದು ಸುಮಾರು ಶೇ 7.4 ಮಂದಿಗೆ, ಹತ್ತಿರ ಹತ್ತಿರ 88 ಲಕ್ಷ ಜನಕ್ಕೆ, ಎಂಬ ಅಂದಾಜಿದೆ. ವಯಸ್ಸಿನ ಗುಣವೇ ಆಗಿದ್ದರೆ ಉಳಿದ ತೊಂಬತ್ತೆರಡು ಮಂದಿಗೆ ಯಾಕೆ ಬರಲಿಲ್ಲ? ಗಾದೆ ಹೇಳಿದವರು ಪರೀಕ್ಷೆ ಮಾಡಿಸುವುದಿಲ್ಲ, ತೊಂದರೆ ಅದು. ವಿಟಮಿನ್ ಬಿ12 ಕಡಿಮೆಯಾದರೂ, ಥೈರಾಯ್ಡ್ ಕುಗ್ಗಿದರೂ ಮರೆವು ಹೆಚ್ಚುತ್ತದೆ. ಅತ್ತೆ ಕಳೆದ ಹದಿನೈದು ದಿನದಲ್ಲಿ ಇದ್ದಕ್ಕಿದ್ದಂತೆ ಕೆಟ್ಟರು, ರಾತ್ರಿಯೆಲ್ಲ ಕೂಗಾಟ ಎಂದಿದ್ದೀರಲ್ಲ, ಅಷ್ಟು ಬೇಗ ಬದಲಾದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಹೀಗೂ ತಲೆಗೇರುತ್ತದೆ. ಡಾಕ್ಟರು ಬರೆದುಕೊಡದೆ ಮೆಡಿಕಲ್ ಶಾಪಿನವರೇ ಕೊಟ್ಟ ನಿದ್ರೆ ಮಾತ್ರೆಯನ್ನು ಡಾಕ್ಟರಿಗೆ ತೋರಿಸಿ ಕೇಳಿ, ಅಂಥ ಮಾತ್ರೆಗಳಿಂದ ಬಿದ್ದು ಸೊಂಟ ಮುರಿದುಕೊಂಡವರು ಕಡಿಮೆ ಇಲ್ಲ. ರಾತ್ರಿ ನಿಮಗೇ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇವೆಲ್ಲ ಆಮೇಲೆ. ಮೊದಲು ಮಾಡಬೇಕಾದದ್ದು ಒಂದೇ. ಬರುವ ಶನಿವಾರ ಸಂಜೆ ಐದು ಗಂಟೆಗೆ ನೀವು ಅರಸೀಕೆರೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುತ್ತೀರಿ. ವಾಪಸು ಭಾನುವಾರ ಸಂಜೆಗೆ. ಮೂರು ವರ್ಷದಲ್ಲಿ ಒಂದು ರಾತ್ರಿಯೂ ಬೇರೆ ಕಡೆ ಮಲಗಿಲ್ಲ ಎಂದಿದ್ದೀರಿ, ಆ ಲೆಕ್ಕ ಶನಿವಾರಕ್ಕೆ ಮುರಿಯಲಿ. ಅಂಗಡಿ ಅವತ್ತು ನಾಲ್ಕಕ್ಕೇ ಮುಚ್ಚಲಿ, ಊರೇನೂ ಮುಳುಗದು. "ಗಂಡಸರು ತಾಯಿಗೆ ಹೇಗೆ..." ಎಂದು ನೀವು ರಾಗ ಎಳೆಯುವುದು ಇಲ್ಲಿಗೇ ಕೇಳಿಸುತ್ತಿದೆ. ಒಂದು ದಿನ ಸ್ನಾನ ತಪ್ಪಿದರೆ ಏನೂ ಆಗದು. ಊಟ ಮಾಡಿಸುವುದು, ಗ್ಯಾಸ್ ಆಫ್ ಮಾಡುವುದು, ಬಾಗಿಲ ಚಿಲಕ ನೋಡುವುದು, ರಾತ್ರಿ ಕೈಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗುವುದು, ಇದಕ್ಕೆ ಹೆಂಗಸೇ ಆಗಬೇಕಿಲ್ಲ. ಅವರನ್ನೂ ಆ ತಾಯಿಯೇ ಹೀಗೆ ಕೈಹಿಡಿದು ಕರೆದೊಯ್ದಿದ್ದರು.

ಸರ ಎಲ್ಲಿ ಎಂದು ಆ ರಾತ್ರಿ ಅತ್ತೆ ಮಗನನ್ನು ಕೇಳುತ್ತಾರೆ. ಹತ್ತು ಸಲ ಕೇಳುತ್ತಾರೆ. ಕೇಳಲಿ.

ಹೊರಡುವ ಮುಂಚೆ ಮಾತ್ರೆ ಡಬ್ಬದ ಮೇಲೆ ಬೆಳಿಗ್ಗೆ, ರಾತ್ರಿ ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ. ಅದಕ್ಕಿಂತ ಹೆಚ್ಚು ಏನೂ ಬರೆದಿಡಬೇಡಿ, ಸಾರು ಮಾಡಿಟ್ಟೂ ಹೋಗಬೇಡಿ. ಅಕ್ಕನ ಮನೆ ತಲುಪಿದ ಮೇಲೆ ಫೋನನ್ನು ಅವರ ಕೈಗೆ ಕೊಟ್ಟು ಮಲಗಿಬಿಡಿ. ಗಾಬರಿಯ ಫೋನೋ ಗೊಣಗಾಟದ ಫೋನೋ ಎಂದು ಅಕ್ಕ ನೋಡಿಕೊಳ್ಳುತ್ತಾರೆ.